ಆ 51ರ ಜೆರ್ಸಿ ಬಗ್ಗೆ ಕೇಳಿದ್ದಿರಲ್ಲ

ನಮಸ್ಕಾರ ತಮ್ಮ. ನೀವು ಬರೆದಿದ್ದನ್ನು ನಿನ್ನೆ ರಾತ್ರಿ ಓದಿದೆ, ಬೆಳಿಗ್ಗೆ ಕಾಫಿ ಕುಡಿಯುತ್ತಾ ಇನ್ನೊಂದು ಸಲ ಓದಿದೆ. ದಾವಣಗೆರೆಯಿಂದ ಅಮೆರಿಕದ ಸಿಯಾಟಲ್ ಪಕ್ಕದ ರೆಡ್ಮಂಡ್‌ಗೆ ಬಂದು ಮೂರು ತಿಂಗಳಾಯಿತು, ಕೆಲಸಕ್ಕೆ ತೊಂದರೆ ಇಲ್ಲ, ಆದರೆ ಮಧ್ಯಾಹ್ನ ಊಟಕ್ಕೆ ಕೂತಾಗ ಎಲ್ಲರೂ ಬೇಸ್‌ಬಾಲ್ ಮಾತು ತೆಗೆದರೆ ಸುಮ್ನೆ ತಲೆ ಆಡಿಸುತ್ತಾ ಕೂತಿರುತ್ತೇನೆ ಅಂದಿದ್ದೀರಿ. 2025ರ ಆಗಸ್ಟ್ 9ರ ಶನಿವಾರ ಆಫೀಸಿನವರು ಸಿಯಾಟಲ್ ಸ್ಟೇಡಿಯಂಗೆ ಕರೆದುಕೊಂಡು ಹೋದರಂತೆ. ಆಟಕ್ಕೆ ಮುಂಚೆ ತೆಳ್ಳಗಿನ ಜಪಾನಿ ಮನುಷ್ಯ ಒಬ್ಬರು ಮೈಕ್ ಮುಂದೆ ನಿಂತು ಮಾತಾಡಿದರು, ಇಡೀ ಸ್ಟೇಡಿಯಂ ಎದ್ದು ನಿಂತಿತ್ತು, ಪಕ್ಕದಲ್ಲಿದ್ದ ಮ್ಯಾನೇಜರ್ ಕಣ್ಣು ಒರೆಸಿಕೊಳ್ಳುತ್ತಿದ್ದರು. "ಆಟ ಬಿಟ್ಟು ಆರು ವರ್ಷವಾದ ಆಟಗಾರನಿಗೆ ಇಷ್ಟೊಂದು ಯಾಕೆ ಅಕ್ಕ? ನಾನೂ ಒಂದು 51ರ ಜೆರ್ಸಿ ಹಾಕಿಕೊಂಡರೆ ಇವರ ಜೊತೆ ಬೆರೆಯೋದು ಸುಲಭ ಆಗುತ್ತಾ? ಹೊರಗಿನವನು ಅನ್ನೋ ಭಾವನೆ ಹೋಗೋಕೆ ಎಷ್ಟು ವರ್ಷ ಬೇಕು?" ಅಂತ ಕೇಳಿದ್ದೀರಿ.

ನೀವು ನೋಡಿದ್ದು ಇಚಿರೊ ಸುಝುಕಿಯನ್ನು, ಸಿಯಾಟಲ್‌ನ ಬೇಸ್‌ಬಾಲ್ ತಂಡ ಮ್ಯಾರಿನರ್ಸ್‌ನ ಹಳೆಯ ಆಟಗಾರ, ಬೆನ್ನ ಮೇಲಿದ್ದ ನಂಬರ್ 51. ನೀವು ಕೇಳಿದ್ದು ಎರಡು ಬೇರೆ ಬೇರೆ ಪ್ರಶ್ನೆ ಅನ್ನಿಸಬಹುದು. ನನಗೆ ಎರಡೂ ಒಂದೇ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ, ಸಮಾಧಾನವಾಗಿ ಓದಿ.

ನಾನು ತಿಪಟೂರಿನವಳು. ಮದುವೆಯಾಗಿ ಇಲ್ಲಿಗೆ ಬಂದಿದ್ದು 2001ರ ಮಾರ್ಚ್‌ನಲ್ಲಿ. ಊರಲ್ಲಿ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುತ್ತಿದ್ದೆ. ಇಲ್ಲಿ ಯಜಮಾನರ ವೀಸಾ ಮೇಲೆ ಬಂದವಳು, ಕೆಲಸ ಮಾಡುವ ಹಾಗಿರಲಿಲ್ಲ. ಅವರು ಬೆಳಿಗ್ಗೆ ಎಂಟಕ್ಕೆ ಹೋದರೆ ಬರುತ್ತಿದ್ದದ್ದು ರಾತ್ರಿ. ಕಾರು ಓಡಿಸಲು ಬರುತ್ತಿರಲಿಲ್ಲ. ಹೊರಗೆ ನೋಡಿದರೆ ಮಳೆ, ನಮ್ಮ ಕಡೆಯ ಹಾಗೆ ಸುರಿದು ನಿಲ್ಲುವ ಮಳೆಯಲ್ಲ, ಇಡೀ ದಿನ ಜಿಟಿಜಿಟಿ. ಅಮ್ಮನ ಜೊತೆ ಮಾತಾಡಬೇಕೆಂದರೆ ಫೋನ್ ಕಾರ್ಡ್ ಕೊಂಡು ಉದ್ದದ ನಂಬರ್ ಒತ್ತಬೇಕಿತ್ತು, ಮಧ್ಯದಲ್ಲಿ ಒಬ್ಬಳು ಬಂದು ಇನ್ನು ಎರಡು ನಿಮಿಷ ಉಳಿದಿದೆ ಅನ್ನುತ್ತಿದ್ದಳು. ನಿಮಗೆ ಈಗ ವಿಡಿಯೊ ಕಾಲ್ ಇದೆ, ಒಳ್ಳೆಯದಾಯಿತು. ಆದರೆ ಸಂಜೆ ನಾಲ್ಕರ ಹೊತ್ತಿಗೆ ಹೊಟ್ಟೆಯೊಳಗೆ ಏನೋ ಖಾಲಿ ಅನ್ನಿಸುತ್ತದಲ್ಲ, ಅದು ಆಗಲೂ ಇತ್ತು, ಈಗಲೂ ಅದೇ ಅಂತ ನಿಮ್ಮ ಪತ್ರ ನೋಡಿದರೆ ಗೊತ್ತಾಗುತ್ತದೆ.

ನಮ್ಮ ಕೆಳಗಿನ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದರು. ಜಪಾನಿ ಮೂಲ, ಆದರೆ ಹುಟ್ಟಿದ್ದು ಇಲ್ಲೇ, ಸಿಯಾಟಲ್‌ನಲ್ಲಿ. ಆಗ ಅವರಿಗೆ ಎಪ್ಪತ್ತು ದಾಟಿತ್ತು. ಸಂಜೆಯಾದರೆ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಪುಟ್ಟ ರೇಡಿಯೊ ಹಚ್ಚುತ್ತಿದ್ದರು. ಕೆಳಗಿನಿಂದ ಗಂಡಸಿನ ದಪ್ಪ ದನಿ, ಅದರ ಹಿಂದೆ ಜನರ ಗದ್ದಲ. ನನಗೆ ಮೊದಲು ನೆನಪಾಗಿದ್ದು ಊರಿನ ಆಕಾಶವಾಣಿ ಕ್ರಿಕೆಟ್ ಕಾಮೆಂಟರಿ, ಅಪ್ಪ ರೇಡಿಯೊ ಕಿವಿಗೆ ಹಿಡಿದುಕೊಂಡು ಅಂಗಳದಲ್ಲಿ ಓಡಾಡುತ್ತಿದ್ದದ್ದು. ಒಂದು ದಿನ ಮೆಟ್ಟಿಲಿಳಿಯುವಾಗ ನಿಂತು ಕೇಳಿದೆ. ಅಜ್ಜಿ ಇನ್ನೊಂದು ಕುರ್ಚಿ ತಂದು ಹಾಕಿದರು. ಅಷ್ಟೇ. ಆ ವರ್ಷ ಮುಗಿಯುವ ತನಕ ಆ ಕುರ್ಚಿ ಒಳಗೆ ಹೋಗಲಿಲ್ಲ.

ರೇಡಿಯೊದಲ್ಲಿ ಮಾತಾಡುತ್ತಿದ್ದವರು ಡೇವ್ ನೀಹಾಸ್. 1977ರಲ್ಲಿ ಮ್ಯಾರಿನರ್ಸ್ ತಂಡ ಹುಟ್ಟಿದ ವರ್ಷದಿಂದ 2010ರಲ್ಲಿ ತಾವು ತೀರಿಕೊಳ್ಳುವ ತನಕ ಕಾಮೆಂಟರಿ ಹೇಳಿದವರು. ಏನಾದರೂ ಅದ್ಭುತ ನಡೆದರೆ "ಮೈ ಓ ಮೈ" ಅನ್ನುತ್ತಿದ್ದರು. ಸ್ಟೇಡಿಯಂ ಒಳಗೆ ಅವರ ಪ್ರತಿಮೆ ಇದೆ, ನೋಡದಿದ್ದರೆ ಮುಂದಿನ ಸಲ ನೋಡಿ. ಅಮೆರಿಕನ್ನರ ಇಂಗ್ಲಿಷ್ ನನ್ನ ಕಿವಿಗೆ ಕೂತಿದ್ದೇ ಆ ದನಿಯಿಂದ.

ಆ ವಸಂತಕ್ಕೇ ಇಚಿರೊ ಸುಝುಕಿ ಕೂಡ ಇಲ್ಲಿಗೆ ಬಂದಿದ್ದ. (ನಾನು ಅವನು ಅಂತಲೇ ಬರೆಯುತ್ತೇನೆ. ಮನೆಯಲ್ಲಿ ಕೂತು ಆಟ ನೋಡುವಾಗ ದ್ರಾವಿಡ್ ಆಡಿದ ಅನ್ನುತ್ತೇವೆ ಹೊರತು ಆಡಿದರು ಅನ್ನುವುದಿಲ್ಲ ಅಲ್ವಾ? ಪ್ರೀತಿಗೆ ಬಹುವಚನ ಬೇಡ.) ಜಪಾನಿನಲ್ಲಿ ಆಗಲೇ ದೊಡ್ಡ ಹೆಸರು. ಕೋಬೆಯ ಓರಿಕ್ಸ್ ತಂಡದಲ್ಲಿ ಸತತ ಏಳು ವರ್ಷ ಬ್ಯಾಟಿಂಗ್ ಸರಾಸರಿಯಲ್ಲಿ ಮೊದಲ ಸ್ಥಾನ. 1995ರ ಜನವರಿಯಲ್ಲಿ ಭೂಕಂಪವಾಗಿ ಕೋಬೆ ಊರೇ ಕುಸಿದಾಗ, ಧೈರ್ಯ ಹೇಳುವ ಮಾತನ್ನು ತೋಳಿನ ಮೇಲೆ ಹಾಕಿಕೊಂಡು ಆಡಿ ಆ ವರ್ಷ ಲೀಗ್ ಗೆದ್ದ ತಂಡ ಅದು. ಆದರೂ ಇಲ್ಲಿಗೆ ಬಂದಾಗ ಜಾಸ್ತಿ ಜನ ನಂಬಿರಲಿಲ್ಲ. ಜಪಾನಿನಿಂದ ಪಿಚರ್‌ಗಳು, ಅಂದರೆ ನಮ್ಮ ಬೌಲರ್‌ಗಳ ಹಾಗೆ ಚೆಂಡು ಎಸೆಯುವವರು, ಬಂದಿದ್ದರು, ದಿನಾ ಬ್ಯಾಟ್ ಹಿಡಿದು ಆಡುವ ಫೀಲ್ಡರ್ ಅದಕ್ಕೆ ಮುಂಚೆ ಒಬ್ಬನೂ ಇಲ್ಲಿನ ದೊಡ್ಡ ಲೀಗ್‌ನಲ್ಲಿ ಆಡಿರಲಿಲ್ಲ. ಇಲ್ಲಿನ ವೇಗಕ್ಕೆ ಈ ಸಣಕಲು ಹುಡುಗ ತಡೆದುಕೊಳ್ಳುತ್ತಾನಾ ಅನ್ನುವ ಮಾತು ಎಲ್ಲ ಕಡೆ.

ಅವನಿಗೆ ಸಿಕ್ಕ 51 ನಂಬರ್ ಅದಕ್ಕೆ ಮುಂಚೆ ರ‍್ಯಾಂಡಿ ಜಾನ್ಸನ್ ಅನ್ನುವ ದೈತ್ಯ ಪಿಚರ್ ಹಾಕುತ್ತಿದ್ದ ನಂಬರ್. ಇಚಿರೊ ಜಾನ್ಸನ್‌ಗೆ ಒಂದು ಪತ್ರ ಬರೆದ, ಈ ನಂಬರಿಗೆ ಅವಮಾನ ಆಗದ ಹಾಗೆ ಆಡುತ್ತೇನೆ ಅಂತ. ನನಗೆ ಅವನ ವಿಷಯದಲ್ಲಿ ತುಂಬಾ ಇಷ್ಟವಾಗುವ ಸಂಗತಿ ಇದು. ಹೊಸ ಊರಿಗೆ ಬಂದವನು ಹಳಬರ ಜಾಗದಲ್ಲಿ ಕೂರುವ ಮುಂಚೆ ಒಂದು ಮಾತು ಹೇಳಿ ಕೂತ.

ಆಮೇಲೆ ನಡೆದದ್ದು ನಿಮ್ಮ ಮ್ಯಾನೇಜರಿಗೆ ಬಾಯಿಪಾಠ ಇರುತ್ತದೆ. ಏಪ್ರಿಲ್ 11, ಓಕ್‌ಲ್ಯಾಂಡ್‌ನಲ್ಲಿ ಆಟ. ಇಚಿರೊ ರೈಟ್ ಫೀಲ್ಡ್‌ನಲ್ಲಿ, ಅಂದರೆ ನಮ್ಮ ಲೆಕ್ಕದಲ್ಲಿ ಬೌಂಡರಿ ಹತ್ತಿರ. ಅಲ್ಲಿನ ಪ್ರೇಕ್ಷಕರಲ್ಲಿ ಕೆಲವರು ಅವನ ಮೇಲೆ ನಾಣ್ಯ ಎಸೆದಿದ್ದರು. ಬೇಸ್‌ಬಾಲ್‌ನಲ್ಲಿ ನಾಲ್ಕು ಬೇಸ್‌ಗಳನ್ನು ಸುತ್ತಿ ಬಂದರೆ ಒಂದು ರನ್. ಎದುರಾಳಿ ತಂಡದ ಟೆರೆನ್ಸ್ ಲಾಂಗ್ ಮೊದಲ ಬೇಸ್‌ನಿಂದ ಓಡುತ್ತಾ ಎರಡನೆಯದನ್ನು ದಾಟಿ ಮೂರನೆಯದಕ್ಕೆ ಹೊರಟ. ಯಾರೇ ಆದರೂ ಹೊರಡುತ್ತಿದ್ದರು, ಚೆಂಡು ಅಷ್ಟು ದೂರ ಇತ್ತು. ಇಚಿರೊ ಓಡುತ್ತಲೇ ಚೆಂಡನ್ನು ಎತ್ತಿಕೊಂಡು ಎಸೆದ. ಅದು ಮೇಲೆ ಹೋಗಿ ಕೆಳಗೆ ಬರಲಿಲ್ಲ, ನೆಲಕ್ಕೂ ಬಡಿಯಲಿಲ್ಲ, ಹಗ್ಗ ಕಟ್ಟಿ ಎಳೆದ ಹಾಗೆ ನೇರವಾಗಿ ಮೂರನೇ ಬೇಸ್‌ನಲ್ಲಿದ್ದವನ ಗ್ಲೌಸಿಗೆ ಬಂತು. ಅವನು ಗ್ಲೌಸನ್ನು ಅಷ್ಟೇ ಕೆಳಗಿಳಿಸಿದ, ಔಟ್. ಇಲ್ಲಿನವರು ಅದನ್ನು ಇವತ್ತಿಗೂ "ಆ ಎಸೆತ" ಅಂತ ಮಾತ್ರ ಹೇಳುತ್ತಾರೆ, ಯಾವುದು ಅಂತ ಕೇಳುವವರಿಲ್ಲ. ನಾವು ರೇಡಿಯೊದಲ್ಲಿ ಕೇಳಿದೆವು. ಏನಾಯಿತು ಅಂತ ನನಗೆ ಅರ್ಥವಾಗಲಿಲ್ಲ. ಅಜ್ಜಿ ಮೇಜಿನ ಮೇಲಿದ್ದ ಕಿತ್ತಳೆ ಹಣ್ಣು ತೆಗೆದುಕೊಂಡು ಬಾಲ್ಕನಿಯ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಕೈ ತೋರಿಸಿ ವಿವರಿಸಿದರು.

ಆ ವರ್ಷ ಅವನ ಸರಾಸರಿ .350, ಹಿಟ್ (ಹೊಡೆದು ಬೇಸ್ ಮುಟ್ಟಿದ್ದು) 242, ಕದ್ದ ಬೇಸ್ (ಯಾರೂ ಚೆಂಡು ಹೊಡೆಯದಿದ್ದರೂ ಓಡಿ ಹಿಡಿದ ಮುಂದಿನ ಬೇಸ್) 56. ಹೊಸ ಆಟಗಾರರಲ್ಲಿ ಶ್ರೇಷ್ಠ ಅನ್ನುವ ಪ್ರಶಸ್ತಿ, ಇಡೀ ಲೀಗ್‌ನಲ್ಲಿ ಶ್ರೇಷ್ಠ ಅನ್ನುವ ಪ್ರಶಸ್ತಿ, ಎರಡೂ ಒಂದೇ ವರ್ಷ. ತಂಡ 116 ಪಂದ್ಯ ಗೆದ್ದಿತು, 1906ರಲ್ಲಿ ಶಿಕಾಗೊ ಕಬ್ಸ್ ಮಾಡಿದ್ದ ದಾಖಲೆಗೆ ಸಮ.

ಕ್ರಿಕೆಟ್ ನೋಡಿ ಬೆಳೆದ ನಮಗೆ ಈ .350 ಅಂದರೆ ಏನು ಅಂತ ಹೇಳಬೇಕು. ನೂರು ಸಲ ಬ್ಯಾಟ್ ಹಿಡಿದು ನಿಂತರೆ 35 ಸಲ ಹೊಡೆದು ಬೇಸ್ ಮುಟ್ಟಿದ ಅಂತ. ಉಳಿದ 65 ಸಲ ಸೋತ. ಹತ್ತರಲ್ಲಿ ಮೂರು ಸಲ ಗೆದ್ದವನನ್ನೇ ಇಲ್ಲಿ ದೊಡ್ಡ ಬ್ಯಾಟ್ಸ್‌ಮನ್ ಅನ್ನುತ್ತಾರೆ. ಆಗ ಎಲ್ಲರೂ ಸಿಕ್ಸರ್ ಹೊಡೆಯುವ ದಪ್ಪ ತೋಳಿನವರ ಹಿಂದೆ ಹುಚ್ಚಾಗಿದ್ದ ಕಾಲ. ಇವನು ಎಡಗೈ ಬ್ಯಾಟಿಂಗ್, ಹೊಡೆಯುತ್ತಿದ್ದ ಹಾಗೇ ಕಾಲು ಮೊದಲ ಬೇಸ್ ಕಡೆ ಓಡಲು ಶುರುವಾಗಿರುತ್ತಿತ್ತು. ಚೆಂಡು ಪಿಚರ್ ಪಕ್ಕದಲ್ಲಿ ಉರುಳಿದರೂ ಸಾಕು, ಫೀಲ್ಡರ್ ಎತ್ತಿ ಎಸೆಯುವಷ್ಟರಲ್ಲಿ ಇವನು ಅಲ್ಲಿ. ಗುಂಡಪ್ಪ ವಿಶ್ವನಾಥ್ ಮಣಿಕಟ್ಟಿನಲ್ಲೇ ಚೆಂಡಿಗೆ ದಾರಿ ತೋರಿಸುತ್ತಿದ್ದದ್ದನ್ನು ಅಪ್ಪ ಹೇಳುತ್ತಿದ್ದರು. ಇಚಿರೊ ಬ್ಯಾಟಿಂಗ್ ನೋಡಿದಾಗ ನನಗೆ ಆ ವಿವರಣೆ ಅರ್ಥವಾಯಿತು. ಬ್ಯಾಟಿಗೆ ನಿಂತ ಕೂಡಲೇ ಬಲಗೈಯನ್ನು ಪಿಚರ್ ಕಡೆ ಚಾಚಿ ಬ್ಯಾಟನ್ನು ನೆಟ್ಟಗೆ ಹಿಡಿದು, ಎಡಗೈಯಲ್ಲಿ ಬಲ ತೋಳಿನ ಬಟ್ಟೆಯನ್ನು ಒಂದು ಸಲ ಎಳೆದುಕೊಳ್ಳುತ್ತಿದ್ದ. ಪ್ರತಿ ಸಲ. ಈ ಊರಿನ ಮಕ್ಕಳೆಲ್ಲ ಬೀದಿಯಲ್ಲಿ ಅದನ್ನೇ ಮಾಡುತ್ತಿದ್ದರು, ಈಗ ಅವರಿಗೆ ಮೂವತ್ತರ ಮೇಲೆ. ನಿಮ್ಮ ಮ್ಯಾನೇಜರ್ ವಯಸ್ಸೂ ಅಷ್ಟೇ ಇರಬೇಕು, ಅವರ ಕಣ್ಣೀರು ಎಲ್ಲಿಂದ ಬಂತು ಅಂತ ನನಗೆ ಗೊತ್ತು.

ಆ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್‌ನ ಕಟ್ಟಡಗಳು ಬಿದ್ದವು. ನಮ್ಮ ಬಣ್ಣದವರೆಲ್ಲ ತಲೆ ತಗ್ಗಿಸಿ ಓಡಾಡಿದ ದಿನಗಳು ಅವು. ಅಂಗಡಿಯಲ್ಲಿ ಒಬ್ಬ ನಮ್ಮನ್ನು ನೋಡಿ ನಿಮ್ಮ ದೇಶಕ್ಕೆ ಹೋಗಿ ಅಂತ ಕೂಗಿದ. ನಾನು ಒಂದು ವಾರ ಮನೆ ಬಿಟ್ಟು ಹೊರಗೆ ಬರಲಿಲ್ಲ. ಅಜ್ಜಿಯೇ ಮೇಲೆ ಬಂದು ಬಾಗಿಲು ತಟ್ಟಿದರು. ಅವತ್ತು ಮೊದಲ ಸಲ ತಮ್ಮ ಕಥೆ ಹೇಳಿದರು. 1942ರಲ್ಲಿ ಅವರಿಗೆ ಹನ್ನೆರಡು ವರ್ಷ. ಜಪಾನ್ ಜೊತೆ ಯುದ್ಧ ಶುರುವಾಗಿತ್ತು. ಇಲ್ಲೇ ಹುಟ್ಟಿದ ಮಕ್ಕಳು ಅಂತಲೂ ನೋಡದೆ ಸಿಯಾಟಲ್‌ನ ಜಪಾನಿ ಕುಟುಂಬಗಳನ್ನೆಲ್ಲ ಹೊತ್ತುಕೊಂಡು ಹೋಗಿ, ಮೊದಲು ಪ್ಯುಯಾಲಪ್‌ನ ಜಾತ್ರೆ ಮೈದಾನದಲ್ಲಿಟ್ಟು ಆಮೇಲೆ ಐಡಹೊ ರಾಜ್ಯದ ಮಿನಿಡೋಕಾ ಅನ್ನುವ ಬಯಲಿನ ಕ್ಯಾಂಪಿನಲ್ಲಿ ಕೂಡಿ ಹಾಕಿದರು. ಸುತ್ತ ಮುಳ್ಳುತಂತಿ, ಬರೀ ಧೂಳು. ಆ ಧೂಳಲ್ಲೇ ಗಂಡಸರು ನೆಲ ಸಮ ಮಾಡಿ ಬೇಸ್‌ಬಾಲ್ ಆಡಿದರಂತೆ, ಅವರ ಅಣ್ಣನೂ ಆಡುತ್ತಿದ್ದನಂತೆ. ಅಜ್ಜಿ ಹೇಳಿದ ಮಾತು ಹಾಗೇ ನೆನಪಿದೆ: "ಅರವತ್ತು ವರ್ಷ ಆಯಿತು. ಈ ಊರಿನ ನಲವತ್ತು ಸಾವಿರ ಜನ ಎದ್ದು ನಿಂತು ಒಬ್ಬ ಜಪಾನಿ ಹುಡುಗನ ಹೆಸರು ಕೂಗೋದನ್ನ ಕೇಳೋಕೆ ನಾನು ಬದುಕಿದ್ದೆ."

ಇದನ್ನು ಯಾಕೆ ಹೇಳಿದೆ ಅಂದರೆ, ಇಚಿರೊ ಮೇಲೆ ಈ ಊರಿಗಿರುವ ಪ್ರೀತಿಯಲ್ಲಿ ಬರೀ ಆಟ ಇಲ್ಲ. ಆ ತಂಡ ಇಲ್ಲೇ ಉಳಿದಿದ್ದೂ ಒಬ್ಬ ಜಪಾನಿಯಿಂದ. ನಿಮ್ಮ ರೆಡ್ಮಂಡ್‌ನಲ್ಲೇ ಜಪಾನಿನ ವಿಡಿಯೊ ಗೇಮ್ ಕಂಪನಿ ನಿಂಟೆಂಡೊದ ಆಫೀಸ್ ಇದೆಯಲ್ಲ, ಆ ಕಂಪನಿಯ ಮುಖ್ಯಸ್ಥರಾಗಿದ್ದ ಹಿರೋಶಿ ಯಾಮಾಉಚಿ 1992ರಲ್ಲಿ ದುಡ್ಡು ಹಾಕಿದ್ದರಿಂದ ತಂಡ ಊರು ಬಿಟ್ಟು ಹೋಗಲಿಲ್ಲ. ಹೊರದೇಶದವರ ಕೈಗೆ ಬೇಸ್‌ಬಾಲ್ ತಂಡ ಕೊಡಬಾರದು ಅಂತ ಆಗ ದೊಡ್ಡ ವಿರೋಧ ಬಂದಿತ್ತು. ಅವರು ತಮ್ಮ ತಂಡದ ಒಂದು ಪಂದ್ಯವನ್ನೂ ಇಲ್ಲಿಗೆ ಬಂದು ನೋಡಲಿಲ್ಲ.

ಒಂದನ್ನು ಮಾತ್ರ ವಿವರವಾಗಿ ಹೇಳಬೇಕು, 2004ರ ಅಕ್ಟೋಬರ್ 1. ಒಂದು ವರ್ಷದಲ್ಲಿ ಅತಿ ಹೆಚ್ಚು ಹಿಟ್ ಹೊಡೆದ ದಾಖಲೆ ಆಗ ಜಾರ್ಜ್ ಸಿಸ್ಲರ್ ಹೆಸರಲ್ಲಿತ್ತು, 257, ಅದೂ 1920ರದ್ದು. 84 ವರ್ಷ ಯಾರೂ ಮುಟ್ಟಿರಲಿಲ್ಲ. ಆ ವರ್ಷ ನಮ್ಮ ತಂಡ 99 ಪಂದ್ಯ ಸೋತಿತು, ತನ್ನ ವಿಭಾಗದಲ್ಲಿ ಕೊನೆ. ಆದರೂ ಸ್ಟೇಡಿಯಂ ತುಂಬಿತ್ತು. ನಾವೂ ಹೋಗಿದ್ದೆವು, ಅಜ್ಜಿಯನ್ನೂ ಕರೆದುಕೊಂಡು. ಪ್ರೇಕ್ಷಕರಲ್ಲಿ ಒಬ್ಬರು ಇಚಿರೊ ಹೊಡೆದ ಹಿಟ್‌ಗಳ ಲೆಕ್ಕದ ಬೋರ್ಡನ್ನು ಆಟಕ್ಕೆ ತಂದು ಅಂಕಿ ಬದಲಾಯಿಸುತ್ತಿದ್ದರು, ಇಚಿಮೀಟರ್ ಅಂತ ಅದರ ಹೆಸರು. ಮೊದಲ ಇನ್ನಿಂಗ್ಸ್‌ನಲ್ಲಿ 257. ಮೂರನೆಯದರಲ್ಲಿ ಪಿಚರ್ ಪಕ್ಕದಿಂದ ನೇರ ಹೊಡೆತ, 258. ಪಟಾಕಿ ಹಾರಿತು, ತಂಡದವರೆಲ್ಲ ಓಡಿ ಬಂದು ಮೈಮೇಲೆ ಬಿದ್ದರು. ಅದಾದ ಮೇಲೆ ಅವನು ಆಟ ಮುಂದುವರಿಸದೆ ಬೇಲಿ ಕಡೆ ನಡೆದ. ಅಲ್ಲಿ ಸಿಸ್ಲರ್ ಕುಟುಂಬದವರು ಕೂತಿದ್ದರು, ಅವರ ಮಗಳಿಗೆ ಆಗ 81 ವರ್ಷ. ಅಪ್ಪನ ದಾಖಲೆ ಮುರಿದವನು ಟೋಪಿ ತೆಗೆದು ತಲೆ ಬಾಗಿ ಅವರ ಕೈ ಹಿಡಿದ. ನನ್ನ ಪಕ್ಕದ ಸಾಲಿನಲ್ಲಿದ್ದ ಗಡ್ಡದ ಮನುಷ್ಯ ಬಿಕ್ಕಿ ಬಿಕ್ಕಿ ಅತ್ತ. ವರ್ಷ ಮುಗಿಯುವಷ್ಟರಲ್ಲಿ 262. ಆ ದಾಖಲೆ ಇವತ್ತಿಗೂ ಅವನದ್ದೇ. ಐದು ವರ್ಷ ಬಿಟ್ಟು ಸೇಂಟ್ ಲೂಯಿಸ್‌ಗೆ ಆಡಲು ಹೋದಾಗ ಹೆಂಡತಿಯ ಜೊತೆ ಸಿಸ್ಲರ್ ಸಮಾಧಿಗೆ ಹೋಗಿ ಹೂವಿಟ್ಟು ಬಂದ.

ಎಲ್ಲ ಕಾಲದಲ್ಲೂ ಊರು ಅವನನ್ನು ಹೊತ್ತು ಮೆರೆಸಿತು ಅಂದರೆ ಸುಳ್ಳಾಗುತ್ತದೆ. ತಂಡ ಸೋಲುತ್ತಾ ಹೋದ ವರ್ಷಗಳಲ್ಲಿ, ಇವನು ತನ್ನ ಹಿಟ್ ಲೆಕ್ಕಕ್ಕೆ ಆಡುತ್ತಾನೆ, ತಂಡಕ್ಕಲ್ಲ ಅಂದವರಿದ್ದರು. ಇಂಗ್ಲಿಷ್ ಗೊತ್ತಿದ್ದೂ ದುಭಾಷಿ ಇಟ್ಟುಕೊಂಡು ಮಾತಾಡುತ್ತಾನೆ ಅಂತ ಸಿಡಿಮಿಡಿ ಮಾಡಿದವರಿದ್ದರು. ನನಗೆ ಆ ಎರಡನೆಯದು ತುಂಬಾ ನೋವಾಗುತ್ತಿತ್ತು. ಬೇರೆ ಭಾಷೆಯಲ್ಲಿ ಮನಸ್ಸಿನ ಮಾತು ಅರ್ಧ ಮಾತ್ರ ಹೊರಗೆ ಬರುತ್ತದೆ, ಆ ಅರ್ಧವನ್ನೇ ಪೂರ್ತಿ ಅಂದುಕೊಂಡು ಜನ ನಮ್ಮನ್ನು ಅಳೆಯುತ್ತಾರೆ. ತಾನು ಹೇಳಬೇಕಾದ್ದು ಸರಿಯಾಗಿ ತಲುಪಲಿ ಅಂತ ಅವನು ತನ್ನ ಭಾಷೆಯಲ್ಲಿ ಹೇಳಿದ. ಅದರಲ್ಲಿ ತಪ್ಪೇನಿದೆ? ನೀವು ಊಟದ ಮೇಜಿನಲ್ಲಿ ಕಡಿಮೆ ಮಾತಾಡಿದರೂ ತಪ್ಪಿಲ್ಲ ತಮ್ಮ.

2012ರ ಜುಲೈ 23ರಂದು ಸುದ್ದಿ ಬಂತು, ಇಚಿರೊನನ್ನು ನ್ಯೂಯಾರ್ಕ್ ಯಾಂಕೀಸ್‌ಗೆ ಕೊಟ್ಟುಬಿಟ್ಟರು ಅಂತ. ಅವತ್ತೇ ಸಂಜೆ ಯಾಂಕೀಸ್ ಆಟ ಇದ್ದದ್ದು ನಮ್ಮ ಸಿಯಾಟಲ್‌ನಲ್ಲಿ. ಬೆಳಿಗ್ಗೆ ನಮ್ಮವನು, ಸಂಜೆ ಅದೇ ಸ್ಟೇಡಿಯಂನಲ್ಲಿ ಎದುರಾಳಿ. ಬೆನ್ನ ಮೇಲೆ 31, ಯಾಕೆಂದರೆ ಯಾಂಕೀಸ್‌ನಲ್ಲಿ 51 ಬರ್ನಿ ವಿಲಿಯಮ್ಸ್ ಹಾಕುತ್ತಿದ್ದ ನಂಬರ್, ಅದನ್ನು ಇವನು ಕೇಳಲಿಲ್ಲ. ಅಜ್ಜಿ ತೀರಿಕೊಂಡು ಮೂರು ವರ್ಷವಾಗಿತ್ತು. ನಾನು ಮಗಳನ್ನು ಕರೆದುಕೊಂಡು ಓಡಿದೆ. ಅವನು ಬ್ಯಾಟ್ ಹಿಡಿದು ಬಂದಾಗ ಎಲ್ಲರೂ ಎದ್ದರು. ಅವನು ಹೆಲ್ಮೆಟ್ ತೆಗೆದು ಒಂದು ಕಡೆ ತಿರುಗಿ ಬಾಗಿದ, ಇನ್ನೊಂದು ಕಡೆ ತಿರುಗಿ ಬಾಗಿದ. ಆಮೇಲೆ ನಮ್ಮ ಪಿಚರ್‌ಗೇ ಹಿಟ್ ಹೊಡೆದ, ಎಲ್ಲರೂ ಮತ್ತೆ ಕೂಗಿದರು.

ಬೆಂಗಳೂರಿನಲ್ಲಿ ನೀವು ಇದನ್ನು ನೋಡಿದ್ದೀರಿ. 2015ರ ನವೆಂಬರ್‌ನಲ್ಲಿ ಚಿನ್ನಸ್ವಾಮಿಯಲ್ಲಿ ಎಬಿ ಡಿವಿಲಿಯರ್ಸ್ ತನ್ನ 100ನೇ ಟೆಸ್ಟ್ ಆಡಿದ. ಆಡಿದ್ದು ಭಾರತದ ವಿರುದ್ಧ, ಹೊಡೆದದ್ದು 85. ಆದರೂ ನಮ್ಮ ಜನ "ಎಬಿಡಿ, ಎಬಿಡಿ" ಅಂತ ಕೂಗಿದರಲ್ಲ? ಅವನು ಕನ್ನಡದವನೂ ಅಲ್ಲ, ಈ ದೇಶದವನೂ ಅಲ್ಲ. ನಮ್ಮ ಊರಿನ ಹೆಸರು ಹಾಕಿಕೊಂಡು ಪ್ರತಿ ವರ್ಷ ಬಂದು ಮೈ ಮುರಿದು ಆಡಿದ, ನಮ್ಮವನಾದ. ಆರ್‌ಸಿಬಿ 2023ರಲ್ಲಿ ಅವನ 17ನೇ ನಂಬರ್ ಇನ್ನು ಯಾರಿಗೂ ಕೊಡುವುದಿಲ್ಲ ಅಂದಾಗ ನಿಮಗೆ ಏನನ್ನಿಸಿತೋ, ಆಗಸ್ಟ್ 9ರಂದು ನಿಮ್ಮ ಮ್ಯಾನೇಜರಿಗೆ ಅದೇ ಅನ್ನಿಸಿತು. ಅವತ್ತು ಮಾಡಿದ್ದೂ ಅದನ್ನೇ, 51 ನಂಬರನ್ನು ಅವನ ಹೆಸರಿಗೆ ಬಿಟ್ಟುಕೊಟ್ಟರು. ಅವತ್ತಿಗೆ ಅವನ ವಯಸ್ಸೂ 51. ಇನ್ನೊಂದು ವಿಷಯ, "ಈ ಸಲ ಕಪ್ ನಮ್ದೇ" ಅಂತ ಹದಿನೆಂಟು ವರ್ಷ ಕಾದವರು ನಾವು, 2025ರ ಜೂನ್‌ನಲ್ಲಿ ಕಪ್ ಬಂತು. ಮ್ಯಾರಿನರ್ಸ್ 1977ರಿಂದ ಇಲ್ಲಿಯ ತನಕ ಒಂದು ಸಲವೂ ಫೈನಲ್ ಮುಟ್ಟಿಲ್ಲ. ಊಟದ ಮೇಜಿನಲ್ಲಿ ಹೇಳಲು ನಿಮ್ಮ ಹತ್ತಿರ ಕಥೆ ಇಲ್ಲ ಅಂದಿರಲ್ಲ, ಇದನ್ನು ಹೇಳಿ ನೋಡಿ. ಕಾಯುವುದು ಏನು ಅಂತ ಅವರಿಗೆ ಚೆನ್ನಾಗಿ ಗೊತ್ತು.

ಅವನು ಆಟ ನಿಲ್ಲಿಸಿದ್ದು 2019ರ ಮಾರ್ಚ್ 21ರಂದು, ಟೋಕಿಯೊದಲ್ಲಿ, ಮತ್ತೆ ಮ್ಯಾರಿನರ್ಸ್ ಅಂಗಿ ಹಾಕಿಕೊಂಡೇ. ಇಲ್ಲಿನ ಲೀಗ್‌ನಲ್ಲಿ 3,089 ಹಿಟ್, ಜಪಾನಿನದ್ದು ಸೇರಿಸಿದರೆ 4,367. ಆಟ ಮುಗಿದರೂ ಜನ ಎದ್ದು ಹೋಗದೆ ಕೂತಿದ್ದರು, ಅವನು ಮತ್ತೆ ಮೈದಾನಕ್ಕೆ ಬಂದು ಸುತ್ತು ಹಾಕಿದ. ಆಮೇಲೆ ಮಧ್ಯರಾತ್ರಿ ದಾಟುವ ತನಕ ಪತ್ರಕರ್ತರ ಜೊತೆ ಮಾತಾಡಿದ. ಅದರಲ್ಲಿ ಕೊನೆಗೆ ಹೇಳಿದ್ದನ್ನು ನಾನು ಅನುವಾದದಲ್ಲಿ ಓದಿ ಎಷ್ಟೋ ಹೊತ್ತು ಸುಮ್ಮನೆ ಕೂತಿದ್ದೆ. ಅಮೆರಿಕಕ್ಕೆ ಬಂದು ತಾನು ಹೊರದೇಶದವನಾದೆ, ಹಾಗಾಗಿದ್ದರಿಂದಲೇ ಬೇರೆಯವರ ಮನಸ್ಸನ್ನು ಯೋಚಿಸುವುದು, ಅವರ ನೋವನ್ನು ಊಹಿಸುವುದು ತನಗೆ ಬಂತು, ಇದು ಪುಸ್ತಕ ಓದಿ ಬರುವುದಲ್ಲ, ಅನುಭವಿಸಿಯೇ ಬರಬೇಕು ಅನ್ನುವ ಅರ್ಥದ ಮಾತು. ಅಷ್ಟು ದೊಡ್ಡ ಆಟಗಾರ, ಅಷ್ಟು ದುಡ್ಡು, ಅಷ್ಟು ಹೆಸರು, ಅವನಿಗೂ ಹದಿನೆಂಟು ವರ್ಷ ಇಲ್ಲಿ ಹೊರಗಿನವನು ಅನ್ನಿಸಿತ್ತು. ಅದನ್ನು ಅವನು ಕಳೆದುಕೊಂಡೆ ಅನ್ನಲಿಲ್ಲ, ಅದರಿಂದ ಏನು ಬಂತು ಅಂತ ಹೇಳಿದ.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದರಲ್ಲೇ ಇದೆ. ಇಪ್ಪತ್ತನಾಲ್ಕು ವರ್ಷವಾಯಿತು, ನನಗೂ ಆ ಭಾವನೆ ಪೂರ್ತಿ ಹೋಗಿಲ್ಲ. ಆದರೆ ನನಗೆ ಈ ಊರಿನವರ ಜೊತೆ ಸೇರಿ ಪ್ರೀತಿಸಿದ್ದು ಒಂದಿದೆ. ಅದು ಸಾಕಾಗುತ್ತದೆ ಅಂತ ನನ್ನ ಅನುಭವ.

2025ರ ಜುಲೈ 27ರಂದು ಕೂಪರ್ಸ್‌ಟೌನ್‌ನಲ್ಲಿ ಹಾಲ್ ಆಫ್ ಫೇಮ್‌ಗೆ, ಅಂದರೆ ಬೇಸ್‌ಬಾಲ್ ಮಹಾನ್ ಆಟಗಾರರ ಗೌರವದ ಪಟ್ಟಿಗೆ, ಸೇರಿಸಿಕೊಂಡಾಗ ಅವನು ಇಂಗ್ಲಿಷಿನಲ್ಲೇ ಮಾತಾಡಿದ. 394 ವೋಟಿನಲ್ಲಿ 393 ಅವನಿಗೆ ಬಿದ್ದಿತ್ತು. ತನ್ನ ಗ್ಲೌಸು, ಶೂ ತಾನೇ ಒರೆಸಿಟ್ಟುಕೊಳ್ಳುವುದು ಯಾಕೆ ಮುಖ್ಯ ಅಂತ ಹೇಳಿದ. ಹೆಂಡತಿ ಯುಮಿಕೊ ಬಗ್ಗೆ ಹೇಳಿದ್ದು ನನಗೆ ಎಲ್ಲಕ್ಕಿಂತ ಹಿಡಿಸಿತು. ಆಟ ಬಿಟ್ಟ ಮೇಲೆ ಅವಳ ಜೊತೆ ಪ್ರೇಕ್ಷಕನಾಗಿ ಸ್ಟೇಡಿಯಂನಲ್ಲಿ ಕೂತು ಹಾಟ್ ಡಾಗ್ ತಿಂದದ್ದು ಬೇಸ್‌ಬಾಲ್ ತನಗೆ ಕೊಟ್ಟಿದ್ದರಲ್ಲೆಲ್ಲ ವಿಶೇಷ ಅಂತ. ಅಷ್ಟು ವರ್ಷ ಆ ಹೆಣ್ಣುಮಗಳು ಒಬ್ಬಳೇ ಕೂತು ನೋಡಿದ್ದಳಲ್ಲ.

ಜೆರ್ಸಿ ವಿಷಯ. ಈಗಲೇ ಕೊಳ್ಳಬೇಡಿ. ಬೆರೆಯುವುದಕ್ಕೆ ಅಂತ ಹಾಕಿಕೊಂಡರೆ ಯಾರಾದರೂ ಒಂದು ಪ್ರಶ್ನೆ ಕೇಳಿದಾಗ ಮೈ ಮುದುಡುತ್ತದೆ. ಮೊದಲು ಆಟ ನೋಡಿ. ಮನಸ್ಸಿಗೆ ಬಂದ ದಿನ ಕೊಳ್ಳಿ, ಅದು 51ರದ್ದೇ ಆಗಬೇಕಂತಲೂ ಇಲ್ಲ, ಈಗಿನ ಹುಡುಗರೂ ಚೆನ್ನಾಗಿ ಆಡುತ್ತಿದ್ದಾರೆ. ಆಫೀಸಿನಲ್ಲಿ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ಕೇಳಿ. ಇಚಿರೊನ ಮೊದಲ ಆಟ ಯಾವುದು ನೋಡಿದಿರಿ ಅಂತ ಮ್ಯಾನೇಜರನ್ನು ಒಂದು ಸಲ ಕೇಳಿ ನೋಡಿ, ಮಧ್ಯಾಹ್ನದ ಮೀಟಿಂಗ್ ತಡವಾಗುತ್ತದೆ.

ಹೋಗುವುದು ಸುಲಭ. ಬೆಲ್‌ವ್ಯೂ ಕಡೆಯಿಂದ ಸಾರ್ವಜನಿಕ ಸಾರಿಗೆಯಲ್ಲಿ ಬಂದು ಚೈನಾಟೌನ್ ಹತ್ತಿರ ಇಳಿದರೆ ಅಲ್ಲಿಂದ ನಡೆದೇ ಹೋಗಬಹುದು. ಕಾರು ತಂದರೆ ಪಾರ್ಕಿಂಗ್ ದುಡ್ಡು ಎಷ್ಟೋ ಸಲ ಟಿಕೆಟ್‌ಗಿಂತ ಜಾಸ್ತಿ. ಮಳೆ ಬಂದರೆ ಮೇಲೆ ಛಾವಣಿ ಎಳೆಯುತ್ತಾರೆ, ಆದರೆ ಪಕ್ಕದಿಂದ ಗಾಳಿ ಬರುತ್ತದೆ, ಸ್ವೆಟರ್ ಇರಲಿ. ನೀವು ಸಸ್ಯಾಹಾರಿ ಅಂದಿದ್ದೀರಿ. ಬೆಳ್ಳುಳ್ಳಿ ಹಾಕಿದ ಆಲೂ ಫ್ರೈಸ್ ಚೆನ್ನಾಗಿರುತ್ತದೆ. ಜಾಸ್ತಿ ಜನಕ್ಕೆ ಗೊತ್ತಿಲ್ಲ, ಮನೆಯಿಂದ ಊಟ ತಂದರೂ ಒಳಗೆ ಬಿಡುತ್ತಾರೆ. ನಾನು ಪುಳಿಯೋಗರೆ ಕಟ್ಟಿಕೊಂಡು ಹೋಗುತ್ತೇನೆ. ಬಾಗಿಲು ತೆಗೆದ ಕೂಡಲೇ ಒಳಗೆ ಹೋಗಿ ಬಲಗಡೆ ಮೈದಾನ ನೋಡಿ. ಅಭ್ಯಾಸದ ಹೊತ್ತಲ್ಲಿ ಇಚಿರೊ ಈಗಲೂ ಎಷ್ಟೋ ದಿನ ಅಂಗಿ ತೊಟ್ಟು ಬಂದು ಹುಡುಗರ ಜೊತೆ ಚೆಂಡು ಹಿಡಿಯುತ್ತಿರುತ್ತಾನೆ. ಅವನು ಆಡುತ್ತಿದ್ದ ಆ ಜಾಗಕ್ಕೆ ಏರಿಯಾ 51 ಅಂತ ಹೆಸರಿತ್ತು.

ಅಜ್ಜಿ ನನಗೆ ಸ್ಕೋರ್ ಬರೆಯುವುದನ್ನು ಹೇಳಿಕೊಟ್ಟಿದ್ದರು. ಪ್ರತಿ ಬ್ಯಾಟ್ಸ್‌ಮನ್‌ಗೆ ಒಂದು ಚೌಕ, ಅದರೊಳಗೆ ವಜ್ರದ ಆಕಾರ, ಹಿಟ್ ಹೊಡೆದರೆ ಒಂದು ಗೆರೆ, ಬೇಸ್ ದಾಟುತ್ತಾ ಹೋದ ಹಾಗೆ ಇನ್ನೊಂದು, ಸುತ್ತು ಮುಗಿದರೆ ಆ ವಜ್ರವನ್ನು ಪೆನ್ಸಿಲ್‌ನಿಂದ ತುಂಬಬೇಕು. ಅವರು ಬರೆದ ಪುಸ್ತಕ ನನ್ನ ಹತ್ತಿರ ಇದೆ, 2001ರದ್ದು. ಇಚಿರೊ ಸಾಲಿನಲ್ಲಿ ಪೆನ್ಸಿಲ್ ಒತ್ತಿ ಒತ್ತಿ ಕಾಗದ ಹಿಂಬದಿಗೆ ಉಬ್ಬಿದೆ. ಕೈಯಾಡಿಸಿದರೆ ಈಗಲೂ ಬೆರಳಿಗೆ ಸಿಗುತ್ತದೆ.

ಸೆಪ್ಟೆಂಬರ್‌ನಲ್ಲಿ ನಾವು ಹೋಗುವಾಗ ನಿಮಗೂ ಒಂದು ಟಿಕೆಟ್ ತೆಗೆದಿಡುತ್ತೇನೆ, ಶನಿವಾರ ಆಗುತ್ತದಾ ಹೇಳಿ. ನನ್ನ ಮಗಳೂ ಬರುತ್ತಾಳೆ, ಅವಳಿಗೆ ನನಗಿಂತ ಚೆನ್ನಾಗಿ ವಿವರಿಸಲು ಬರುತ್ತದೆ. ಊಟ ತರಬೇಡಿ, ನಾನು ತರುತ್ತೇನೆ. ಪೆನ್ಸಿಲ್ ಒಂದು ತನ್ನಿ.